ಬೇಲಿಯಾಚೆಯ ಹಲಸು

ಶ್ರೀಲಂಕಾದ ಮಾತಲೆಯಲ್ಲಿ ಕೋಗಿಲೆ ಕೂಗಿತು, ಹೊಸ ವರ್ಷದ ಅವುರುದು ಹಬ್ಬ ಬಂತು, ಬೇಲಿ ಮಾತ್ರ ಕೆಂಪಾಗಲಿಲ್ಲ. ಇನೋಕಾಳಿಗೆ ಹೊಸ ವರ್ಷವೆಂದರೆ ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಲವಾಣದ ಬೇಲಿಸಾಲು: ಎಲೆಯೆಲ್ಲ ಉದುರಿಸಿಕೊಂಡು ನಿಂತ ಕೊಂಬೆಗಳ ತುದಿಯಲ್ಲಿ ಗಿಳಿಕೊಕ್ಕಿನಂಥ ಕೆಂಪು ಹೂ. ಈ ಸಲ ಅಲ್ಲಿ ಬೋಳು ಗೂಟಗಳು ನಿಂತಿದ್ದವು, ಅದೂ ಎರಡು ಮಾರು ಈಚೆಗೆ.

ಅಮ್ಮ ಕ್ಯಾಂಡಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದ ಮನೆಯ ತಿಲಕಸಿರಿ ಮಾಮ ಹಳೆಯ ಬೇಲಿಯನ್ನು ಬುಡಕ್ಕೆ ಕಡಿದು ಹಾಲವಾಣದ ಗೂಟಗಳದ್ದೇ ಹೊಸದನ್ನು ನೆಟ್ಟಿದ್ದ. ತಾಯಿ ಮಗಳು ಮನೆಗೆ ಬಂದಾಗ ಅಜ್ಜಿ ನೆಟ್ಟ ಹಲಸಿನ ಮರ ಅವನ ಕಡೆಗೆ ಸೇರಿಹೋಗಿತ್ತು.

"ನಿಮ್ಮ ಬೇಲಿ ಹುಳ ಹಿಡಿದು ಸತ್ತೋಗಿತ್ತು ತಂಗಿ," ಎಂದಿದ್ದ ಅವನು ಅಮ್ಮನಿಗೆ. "ಗಂಡು ದಿಕ್ಕಿಲ್ಲದ ಮನೆ ಅಂತ ನಾನೇ ಹೊಸದು ಹಾಕ್ಕೊಟ್ಟೆ. ಗಡಿ ಎಲ್ಲಿತ್ತೋ ಅಲ್ಲೇ ಇದೆ."

ಊರವರು ಅವನನ್ನು ಹೊಗಳಿದರು. ಆ ಹೊಗಳಿಕೆ ಇನೋಕಾಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಆದರೆ ನಾಲ್ಕು ಜನರೆದುರು ಬಾಯಿ ತೆರೆಯುವ ಹುಡುಗಿಯಲ್ಲ ಅವಳು.

ಹಬ್ಬದ ಬೆಳಿಗ್ಗೆ ತಿಲಕಸಿರಿಯ ಹೆಂಡತಿ ಸೋಮಲತಾ ತಟ್ಟೆ ತಂದಳು. ಬಾಳೆಹಣ್ಣು, ಹಾಲನ್ನದ ತುಂಡು, ಎಣ್ಣೆಯಲ್ಲಿ ಕರಿದ ಕವುಂ. ಜೊತೆಗೆ ಒಂದು ಬಟ್ಟಲು ಎಳೆ ಹಲಸಿನ ಪಲ್ಯ.

"ನಮ್ಮ ಮರದ್ದು," ಎಂದಳು. "ಈ ಸಲ ಬುಡದಿಂದ್ಲೇ ಕಾಯಿ ಹಿಡಿದಿದೆ ನೋಡಿ."

ಅಮ್ಮ ತಲೆ ತಗ್ಗಿಸಿ ತಟ್ಟೆ ತೆಗೆದುಕೊಂಡಳು. ಸೋಮಲತಾ ಮರೆಯಾದ ಮೇಲೆ ಇನೋಕಾ ಬಟ್ಟಲನ್ನು ಅತ್ತ ತಳ್ಳಿದಳು.

"ನಮ್ಮ ಮರದ ಕಾಯಿನ ನಮಗೇ ದಾನ ಕೊಡ್ತಾರಲ್ಲಮ್ಮ."

"ಹಬ್ಬದ ದಿನ ಜಗಳ ತೆಗೀಬಾರ್ದು ಮಗಾ. ತಟ್ಟೆ ತಗೊಂಡ್ಮೇಲೆ ಹಳೇ ಮನಸ್ತಾಪ ಮುಗೀತು ಅಂತ ಲೆಕ್ಕ."

"ಅದಕ್ಕೇ ಅಲ್ವಾ ಎಲ್ಲರಿಗಿಂತ ಮೊದಲು ತಂದಿದ್ದು."

ಅಮ್ಮ ತಿಂಡಿಯನ್ನು ಬೇರೆ ಪಾತ್ರೆಗೆ ತೆಗೆದಿಟ್ಟಳು. "ತಟ್ಟೆ ಖಾಲಿ ವಾಪಸ್ ಹೋಗ್ಬಾರ್ದು. ಏನಾದ್ರೂ ತುಂಬಿಸಿ ಕೊಟ್ಟು ಬಾ," ಎಂದಳು.

ಖಾಲಿ ತಟ್ಟೆ ಹಿಡಿದು ಇನೋಕಾ ಬಾಳೆಗೊನೆ ಕುಯ್ಯಲು ಹಿತ್ತಲಿಗೆ ಹೋದಳು. ಹೊಸ ಗೂಟಗಳಾಚೆ ತಿಲಕಸಿರಿಯ ಅಲಸಂದೆ ಪಾತಿ. ಮೊನ್ನೆಯ ಮಳೆಗೆ ಅದರ ನಡುವೆ ಏನೋ ಎದ್ದಿತ್ತು: ಮೂರು ಮೂರು ಎಲೆಯ, ಮುಳ್ಳುದಂಟಿನ ಚಿಗುರು. ಒಂದಲ್ಲ, ಉದ್ದಕ್ಕೂ ಒಂದೇ ಸಾಲು. ಮಾಮ ಕಡಿದಿದ್ದ, ಬೇರು ಕಿತ್ತಿರಲಿಲ್ಲ. ಮೇಲೆ ಮಣ್ಣೆಳೆದು ಅಲಸಂದೆ ಬಿತ್ತಿದ್ದ. ಕಡಿದರೆ ಸಾಯುವ ಜಾತಿಯೇ ಹಾಲವಾಣ?

ಅವಳು ಗೂಟಗಳ ನಡುವೆ ನುಸುಳಿ ಬುಡಕ್ಕೊಂದರಂತೆ ಚಿಗುರು ಮುರಿದಳು. ಬೆರಳಿಗೆ ಮುಳ್ಳು ಚುಚ್ಚಿತು. ತಟ್ಟೆ ತುಂಬಿತು. ಮೇಲೆ ಬಟ್ಟೆ ಮುಚ್ಚಿದಳು.

ತಿಲಕಸಿರಿಯ ಜಗಲಿಯಲ್ಲಿ ಊರ ಹಿರಿಯ ದಿಂಗಿರಿ ಅಜ್ಜ, ಇನ್ನೂ ನಾಲ್ಕಾರು ಜನ ಕವುಂ ತಿನ್ನುತ್ತಿದ್ದರು. ಮಾಮ ಬಟ್ಟೆ ಸರಿಸಿದ.

"ಇದೇನು, ಮೇಕೆಗೆ ಹಬ್ಬದೂಟನಾ?"

ಎಲ್ಲರೂ ನಕ್ಕರು. ಇನೋಕಾ ಒಂದು ಚಿಗುರು ಎತ್ತಿ ತೋರಿಸಿದಳು.

"ನಿಮ್ಮ ಅಲಸಂದೆ ಪಾತೀದು ಮಾಮ. ಹುಳ ಹಿಡಿದು ಸತ್ತ ಬೇಲಿ ಚಿಗುರಿದೆ."

"ಹಾಲವಾಣ ತಾನೆ, ಎಲ್ಲಂದ್ರಲ್ಲಿ ಹುಟ್ಟುತ್ತೆ. ಹಕ್ಕಿ ಬೀಜ ಹಾಕಿರುತ್ತೆ."

"ಹಕ್ಕಿ ಹಗ್ಗ ಹಿಡಿದು ಸಾಲಾಗಿ ಹಾಕುತ್ತಾ?"

ದಿಂಗಿರಿ ಅಜ್ಜ ಕೈ ಒರೆಸಿಕೊಂಡು ಎದ್ದ. "ನಿನ್ನ ಮನೆ ಹಕ್ಕಿ ಸರ್ವೆ ಓದಿರ್ಬೇಕು ಕಣೋ ತಿಲಕಾ. ನಡಿ, ನೋಡೋಣ."

ಪಾತಿಯಲ್ಲಿ ಅಜ್ಜ ಊರುಗೋಲಿನಿಂದ ಮಣ್ಣು ಕೆದಕಿದ. ತೊಡೆಗಾತ್ರದ ಬುಡ ಕಂಡಿತು. ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಸಾಲು ಹಲಸಿನ ಮರದ ಆಚೆಯಿಂದ ಹಾದುಹೋಗಿತ್ತು. ಮರ ಇನೋಕಾಳ ಕಡೆ.

ತಿಲಕಸಿರಿ ಕೆಮ್ಮಿದ. "ಕಣ್ತಪ್ಪಿಂದ ಆಯ್ತು ಅಂತ ಕಾಣುತ್ತೆ. ಹಬ್ಬ ಕಳೀಲಿ, ಗೂಟಗಳನ್ನ ಕಿತ್ತು ಅಲ್ಲೇ ನೆಡ್ತೀನಿ."

ಕಣ್ತಪ್ಪು ಎಂಬ ಮಾತಿಗೆ ಇನೋಕಾಳ ಗಂಟಲಿನ ಮುಳ್ಳು ಕಿತ್ತುಬಂತು.

"ಬೇಡ ಮಾಮ. ಹಾಲವಾಣ ನೆಡೋಕೂ ನಿಮಗೆ ಬರಲ್ಲ. ಬಲಿತ ಕೊಂಬೆ ಕಡಿದು ನೆರಳಲ್ಲಿ ಒರಗಿಸಿಟ್ಟು ಗಾಯ ಒಣಗಿಸ್ಬೇಕು, ಆಮೇಲೆ ಗುಂಡಿ ತೋಡಿ ಇಳಿಸ್ಬೇಕು. ನೀವು ಹಸಿಹಸಿಯಾಗೇ ತಂದು, ಸುತ್ತಿಗೇಲಿ ಬಡಿದು ತಲೆ ಸೀಳಿದೀರಿ. ಅರ್ಧಕ್ಕರ್ಧ ಕೊಳೀತಿವೆ. ಅಮ್ಮ ಆಸ್ಪತ್ರೆಯಿಂದ ಬರೋದ್ರೊಳಗೆ ಮುಗಿಸೋ ಅವಸರ ಇತ್ತಲ್ಲ ನಿಮಗೆ. ಈಗೇನೂ ನೆಡ್ಬೇಡಿ. ಆ ಪಾತಿ ಬಿಟ್ಟು ಹಿಂದೆ ಸರೀರಿ, ಬೇಲಿ ತಾನೇ ಎದ್ದು ನಿಲ್ಲುತ್ತೆ."

"ಹುಡುಗಿ ಹೇಳಿದ ಹಾಗೇ ಆಗ್ಲಿ," ಎಂದ ಅಜ್ಜ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ತಟ್ಟೇಲಿ ಏನು ಹಾಕಿದ್ಯೇ?"

"ಅವರು ಮುಚ್ಚಿಟ್ಟಿದ್ದನ್ನೇ." ಇನೋಕಾ ಮಣೆ ಎಳೆದುಕೊಂಡು ಕೂತಳು. "ಈಗ ಆ ಪಲ್ಯ ಬಡಿಸಮ್ಮ."

ಮುಳ್ಳು ಚುಚ್ಚಿದ ಬೆರಳಿಗೆ ಖಾರ ತಗುಲಿ ಉರಿಯಿತು. ಅವಳು ಇನ್ನೊಂದು ತುತ್ತು ತಿಂದಳು.

"ಕಾಯಿ ನಮ್ಮದೇ. ಉಪ್ಪು ಹಾಕೋದ್ರಲ್ಲೂ ಜುಗ್ಗತನ ಅವರದ್ದು."