ಊಟದ ಮೇಜಿಗೆ ಗರಗಸ

ನಾನು ಒಂದು ಊಟದ ಮೇಜು. ಅಲ್ಲ, ಮೇಜಾಗಿದ್ದೆ. ಈಗ ಬರೀ ಹಲಗೆ. ಹುಬ್ಬಳ್ಳಿಯ ಬಡಗಿಯೊಬ್ಬ ಸಾಗವಾನಿಯಲ್ಲಿ ನನ್ನನ್ನು ಮಾಡಿ, "ಹತ್ತು ಮಂದಿ ಕುಂತು ಉಣಬಹುದು ನೋಡ್ರಿ" ಎಂದು ಸೀರೆ ಅಂಗಡಿಯವರಿಗೆ ಒಪ್ಪಿಸಿದ. ಅವರು ನನ್ನನ್ನು ಹಿಂದಿನ ಕೋಣೆಯಲ್ಲಿ ಇಟ್ಟರು.

ಸೀರೆ ಮಾರುವ ಹುಡುಗಿಯರು ದಿನವಿಡೀ ನಿಂತೇ ಇರುತ್ತಾರೆ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಕೂರುವುದೇನಿದ್ದರೂ ಊಟದ ಹೊತ್ತಿಗೆ, ನನ್ನ ಸುತ್ತ. ಅವರದೊಂದು ಪದ್ಧತಿಯಿತ್ತು. ತನ್ನ ಡಬ್ಬಿಯನ್ನು ಯಾರೂ ತಾನೇ ತೆರೆಯುವಂತಿಲ್ಲ, ಪಕ್ಕದವಳು ತೆರೆಯಬೇಕು. ಆಮೇಲೆ ಎಲ್ಲ ಡಬ್ಬಿಗಳೂ ನಡುವೆ.

ಭುವನಾ ಎಂಬ ಹುಡುಗಿ ಕೆಲಸಕ್ಕೆ ಸೇರಿದ ವಾರದಲ್ಲೇ ಮ್ಯಾನೇಜರ್ ಸುತಗಟ್ಟಿ ಗಿರಾಕಿಗಳೆದುರು ಅವಳನ್ನು ಬಾಯಿಗೆ ಬಂದಂತೆ ಬೈದ. ತಪ್ಪೇನು? ಸೀರೆಯ ಮಡಿಕೆ ಸರಿ ಬಂದಿರಲಿಲ್ಲ, ಅಷ್ಟೇ! ಹುಡುಗಿ ಚೀಲ ಹೆಗಲಿಗೇರಿಸಿಕೊಂಡೇ ಒಳಗೆ ಬಂದಳು.

"ನಾಳಿಂದ ನಾ ಬರಂಗಿಲ್ಲ ಅಕ್ಕಾ."

ಎಲ್ಲರಿಗಿಂತ ಹಳಬಳಾದ ಕಸ್ತೂರಕ್ಕ ಬುದ್ಧಿ ಹೇಳಲಿಲ್ಲ. ಅವಳ ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದಳು.

"ಬರಬ್ಯಾಡ ಬಿಡವಾ. ಉಂಡರ ಹೋಗು. ನನಗ ಅಂವ ದೀಪಾವಳಿ ದಿನಾನ ಬೈದಿದ್ದ. ಈ ಶಹನಾಜ್ ಅಂತೂ ಬಾತ್‌ರೂಮಿನ್ಯಾಗ ನಿಂತು ಅತ್ತಿದ್ಲು."

"ಸುಳ್ಳ! ಕಣ್ಣಾಗ ಕಸ ಬಿದ್ದಿತ್ತು!" ಎಂದಳು ಶಹನಾಜ್.

ಭುವನಾ ಅಳುತ್ತಲೇ ನಕ್ಕುಬಿಟ್ಟಳು. ಮರುದಿನ ಬಂದಳು, ಮರುವರ್ಷವೂ ಬಂದಳು. ಸೀರೆ ಬಿಡಿಸಿ ತೋರಿಸುವುದೆಂದರೆ ಅವಳಿಗೆ ಪ್ರಾಣ. ಆ ಕೆಲಸ ಬಿಡದಂತೆ ಅವಳನ್ನು ಹಿಡಿದಿಟ್ಟದ್ದು ಸಂಬಳವಲ್ಲ, ಈ ಮಂದಿ. ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಿರುವಾಗ ಎಲ್ಲರೂ ಒಟ್ಟಾಗಿ ಹೋಗಿ, ಗಿರಾಕಿ ಇಲ್ಲದಾಗ ಕೂರಲು ಸ್ಟೂಲು ಕೇಳಿದರು. ಸುತಗಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಆಗತಾನೇ ಅವನು ದೊಡ್ಡ ಹೋಟೆಲಿನಲ್ಲಿ 'ಭಾವನಾತ್ಮಕ ಬುದ್ಧಿವಂತಿಕೆ'ಯ ತರಬೇತಿ ಮುಗಿಸಿ, 'ನಾವೆಲ್ಲ ಒಂದೇ ಕುಟುಂಬ' ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿದ್ದ. ಅದರ ಕೆಳಗೇ ಬಡಗಿಯನ್ನು ನಿಲ್ಲಿಸಿ ಹೇಳಿದ:

"ಕೂಡಿ ಉಂಡು ಉಂಡು ಇವರಿಗೆಲ್ಲಾ ಬಾಯಿ ಬಂದಾವ. ಕೊಯ್ದ ಹಾಕು ಇದನ್ನ."

ಥೂ! ತರಬೇತಿಯಂತೆ, ಬುದ್ಧಿವಂತಿಕೆಯಂತೆ! ನನ್ನನ್ನು ತುಂಡು ತುಂಡು ಮಾಡಿಸಿ, ಉಣ್ಣುವವರು ಗೋಡೆಗೆ ಮುಖ ಮಾಡಿ ಕೂರುವಂತೆ ಗೋಡೆಗುಂಟ ಹೊಡೆಸಿದ. ಊಟಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು.

ಸ್ವಲ್ಪ ದಿನಕ್ಕೆ ಭುವನಾಳಿಗೆ ಮತ್ತೆ ಅದೇ ಬೈಗುಳ, ಗಿರಾಕಿಗಳ ಎದುರೇ. ಒಬ್ಬಳೇ ಬಂದು ನನ್ನ ತುಂಡಿನ ಮೇಲೆ ಡಬ್ಬಿ ಇಟ್ಟಳು. ಮುಚ್ಚಳ ಮುಟ್ಟಲಿಲ್ಲ. ಅಭ್ಯಾಸ ನೋಡಿ, ಪಕ್ಕಕ್ಕೆ ತಿರುಗಿದಳು. ಯಾರಿದ್ದಾರೆ ಅಲ್ಲಿ? ಕಸ್ತೂರಕ್ಕ ಹೊರಗೆ ಗಿರಾಕಿಗೆ ಸೀರೆ ತೋರಿಸುತ್ತಿದ್ದಳು. ನನಗೊಂದು ಕೈ ಇರಬಾರದಿತ್ತೇ! ಹುಡುಗಿ ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಆಮೇಲೆ ಶಹನಾಜ್ ಹೋದಳು. ಹೊಸಬರು ಬಂದಷ್ಟೇ ಬೇಗ ಹೋದರು.

"ಈಗಿನ ಹುಡುಗ್ಯಾರಿಗೆ ನಿಯತ್ತಿಲ್ರಿ ಸಾಹುಕಾರ್ರ" ಎಂದು ಸುತಗಟ್ಟಿ ಮಾಲೀಕರ ಮುಂದೆ ತಲೆ ಕೆರೆದುಕೊಂಡ. ನಿಯತ್ತಂತೆ! ಇವನ ನಾಲಿಗೆಗೆ ನಾಚಿಕೆಯೇ ಇಲ್ಲ.

ಖಾಲಿ ಬಿದ್ದ ನನ್ನ ಒಂದು ತುಂಡನ್ನು ಕಿತ್ತು, 'ಕೆಲಸಕ್ಕೆ ಹುಡುಗಿಯರು ಬೇಕಾಗಿದ್ದಾರೆ' ಎಂದು ಬರೆಸಿ ಬಾಗಿಲಿಗೆ ನೇತುಹಾಕಿದರು. ಯಾರಾದರೂ ಸೇರಿದಾಗ ಇಳಿಸುವುದು, ಬಿಟ್ಟಾಗ ಏರಿಸುವುದು. ಮೊನ್ನೆ ಸುತಗಟ್ಟಿಗೂ ಸಾಕಾಯಿತು. ಬಡಗಿಯನ್ನು ಕರೆಸಿದ.

"ಮೊಳಿ ಹೊಡದ ಬಿಡು. ಇನ್ನ ಇದನ್ನ ತಗಿಯೂ ಹಂಗ ಕಾಣೂದಿಲ್ಲ."

ಆ ಬಾಯಿಂದ ಬಂದ ಒಂದೇ ಒಂದು ನಿಜ. ಮೊಳೆ ಇಳಿಯುತ್ತಿದ್ದಾಗ ಒಳಗೆ ನನ್ನ ಇನ್ನೊಂದು ತುಂಡಿನ ಮುಂದೆ ಕಸ್ತೂರಕ್ಕ ಕುಳಿತಿದ್ದಳು. ಗೋಡೆ ನೋಡುತ್ತಾ, ತನ್ನ ಡಬ್ಬಿಯನ್ನು ತಾನೇ ತೆರೆದುಕೊಳ್ಳುತ್ತಿದ್ದಳು.