ಮೂರನೇ ಅಂತಸ್ತಿನ ರೊಟ್ಟಿ

"ಇದು ಮನೇನಾ, ಗಿರಣೀನಾ? ಬೆಳಗ್ಗೆ ಆರು ಗಂಟೆಯಿಂದ ತಲೆ ಮೇಲೆ ಧಪ್ ಧಪ್ ಧಪ್! ಕೆಳಗಡೆ ಮನುಷ್ಯರಿದಾರೆ ಅನ್ನೋ ಜ್ಞಾನ ಬೇಡ್ವಾ?"

ಎರಡನೇ ಅಂತಸ್ತಿನ ಹೇಮಲತಾ ಮೂರನೇ ಅಂತಸ್ತಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಒಳಗೆ ಗೌರಮ್ಮ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು.

"ರೊಟ್ಟಿ ಬಡದ್ರ ಸಪ್ಪಳ ಆಗ್ದ ವೀಣಿ ನುಡೀತೈತೇನ್ರಿ ಬಾಯಾರ?"

"ಚಪಾತಿ ಲಟ್ಟಿಸಿ. ಅನ್ನ ಮಾಡಿ. ಈ ಊರಲ್ಲಿ ಏನು ಸಿಗಲ್ಲ?"

"ನೀವು ದ್ವಾಸಿ ಹಿಟ್ಟು ರುಬ್ಬತೀರಿ, ಚಟ್ನಿ ರುಬ್ಬತೀರಿ. ನಿಮ್ಮ ಮಿಕ್ಸಿ ಸಪ್ಪಳಕ್ಕ ನಾ ಯಾವತ್ತರ ನಿಮ್ಮ ಬಾಗಲಾ ಬಡದೇನೇನು?"

"ಮಿಕ್ಸಿ ಐದು ನಿಮಿಷ ಕಣಮ್ಮ! ನಿಮ್ಮದು ಒಂದೂವರೆ ಗಂಟೆ! ನಮ್ಮ ಅರ್ಚಿತಾಗೆ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಹತ್ರ ಬಂತು. ಪುಸ್ತಕ ತೆಗೆದು ಕೂತರೆ ಮೇಲೆ ಡೋಲು. ಸುಣ್ಣ ಉದುರಿ ಕಾಫಿ ಲೋಟಕ್ಕೆ ಬೀಳುತ್ತೆ."

"ಸುಣ್ಣ ಉದುರಿದ್ರ ಮನಿ ಕಟ್ಟಿದಂವನ್ನ ಹಿಡೀರಿ. ನನ್ನ್ಯಾಕ ಹಿಡೀತೀರಿ?"

ಈ ಮಾತಿಗೆ ಹೇಮಲತಾಳ ಮುಖ ಕೆಂಪಾಯಿತು. "ಭಾನುವಾರ ಸೊಸೈಟಿ ಮೀಟಿಂಗಿದೆ. ಅಲ್ಲಿ ಹೇಳ್ತೀನಿ. ಒಂದೋ ಈ ಬಡಿಯೋದು ನಿಲ್ಲಬೇಕು, ಇಲ್ಲ ನೀವು ಮನೆ ಖಾಲಿ ಮಾಡಬೇಕು. ಕೀಲಿ ಕೊಟ್ಟಿದ್ದು ನಾವು. ಮರೀಬೇಡಿ!"

ಅವಳು ಚಪ್ಪಲಿ ಸದ್ದು ಮಾಡಿಕೊಂಡು ಇಳಿದುಹೋದಳು. ಅರ್ಧ ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಹನುಮಂತ ಅಲ್ಲಿಯವರೆಗೆ ಬಚ್ಚಲಲ್ಲೇ ಅಡಗಿ ನಿಂತಿದ್ದವನು ಹೊರಗೆ ಬಂದ.

"ಗೌರವ್ವ, ನಿನ್ನ ಬಾಯಿಗೊಂದು ಬೀಗ ಇಲ್ಲೇನು? ನಾ ಅವರ ಗಾಡಿ ಹೊಡ್ಯಾಂವ."

"ಗಾಡಿ ಹೊಡೀರಿ. ನಾ ಏನು ಅವರ ಗಾಡಿ ಗಾಲಿ ಬಿಚ್ಚಿಟ್ಟೇನೇನು?"

ಹನುಮಂತನ ಕಷ್ಟ ಸುಳ್ಳಲ್ಲ. ಅವನು ಸರಕಾರಿ ವಿಮಾ ಕಚೇರಿಯಲ್ಲಿ ಡ್ರೈವರು. ಹೇಮಲತಾಳ ಗಂಡ ಸತ್ಯಪ್ರಕಾಶ ಅದೇ ಕಚೇರಿಯ ಮ್ಯಾನೇಜರು, ಮೈಸೂರು ಕಡೆಯವರು. ಹುಬ್ಬಳ್ಳಿಯಿಂದ ಸೂರತ್ತಿಗೆ ವರ್ಗವಾಗಿ ಬಂದ ಹನುಮಂತ ಬಾಡಿಗೆ ಮನೆಗಾಗಿ ಎರಡು ತಿಂಗಳು ಬೀದಿಬೀದಿ ಅಲೆದಿದ್ದ. ಆ ವರ್ಷಗಳಲ್ಲಿ ಸೂರತ್ತಿನಲ್ಲಿ ಮನೆ ಸಿಗುವುದೆಂದರೆ ಲಾಟರಿ ಹತ್ತಿದ ಹಾಗೆ. ಮಗ್ಗಕ್ಕೆ ಬಂದವರು, ವಜ್ರ ಉಜ್ಜಲು ಬಂದವರು, ಬಣ್ಣದ ಕಾರ್ಖಾನೆಗೆ ಬಂದವರು, ಎಲ್ಲರಿಗೂ ತಲೆಯ ಮೇಲೊಂದು ಸೂರು ಬೇಕು. ತಾಪಿ ನದಿಯ ಈಚೆ ದಂಡೆಯಲ್ಲಿ, ಇವರಿದ್ದ ಅಡಾಜಣ್‌ನಲ್ಲಿ ನಿನ್ನೆ ಹೊಲವಿದ್ದ ಕಡೆ ಇವತ್ತು ಕಬ್ಬಿಣದ ಸರಳು ಎದ್ದು ನಿಲ್ಲುತ್ತಿದ್ದವು. ಕೊನೆಗೆ ಸತ್ಯಪ್ರಕಾಶರೇ, ವಡೋದರಾಕ್ಕೆ ವರ್ಗವಾಗಿ ಹೋದ ತಮ್ಮ ಸ್ನೇಹಿತ ಅನಂತರಾಮರ ಖಾಲಿ ಫ್ಲ್ಯಾಟಿನ ಕೀಲಿ ಕೊಡಿಸಿದ್ದರು. ಆ ಕೀಲಿ ವಾಪಸು ಹೋದರೆ ಗಂಡಹೆಂಡತಿ ಟ್ರಂಕು ಹೊತ್ತು ಸ್ಟೇಷನ್ನಿನಲ್ಲಿ ಮಲಗಬೇಕು.

ಗೌರಮ್ಮನ ತಪ್ಪೂ ಇತ್ತು. ರೋಣದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಹಂಚಿನ ಮನೆಯಲ್ಲಿ ಸಂಸಾರ ಮಾಡಿದವಳು. ನೆಲವೆಂದರೆ ಅವಳ ಪಾಲಿಗೆ ಮಣ್ಣು. ಎಷ್ಟು ಬಡಿದರೂ ಮಣ್ಣು ನುಂಗಿಕೊಳ್ಳುತ್ತದೆ. ತಾನು ಕೂತ ನೆಲವೇ ಇನ್ನೊಬ್ಬರ ಮನೆಯ ಮಾಳಿಗೆ ಎಂಬುದು ಎಂಟು ತಿಂಗಳಾದರೂ ಅವಳ ತಲೆಗೆ ಹೊಳೆದಿರಲಿಲ್ಲ. ಹೇಮಲತಾ ಬೆಳಗ್ಗೆ ಸಿಕ್ಕಾಗ ಮುಖ ಗಂಟಿಕ್ಕುತ್ತಿದ್ದುದನ್ನು ಕಂಡು, "ಪಾಪ, ಬಾಯಾರಿಗೆ ಹೊಟ್ಟಿ ಸರಿ ಇಲ್ಲ" ಎಂದುಕೊಂಡು ಒಮ್ಮೆ ಓಂಕಾಳು ಕಟ್ಟಿಕೊಟ್ಟು ಬಂದಿದ್ದಳು.

ಜಗಳದ ಬಿಸಿ ಆರಿದ ಮೇಲೆ ಅವಳು ಕೆಳಗಿಳಿದು ಹೋಗಿ ಅರ್ಚಿತಾಳನ್ನು ಹೊರಗೆ ಕರೆದು ಕೇಳಿದಳು. "ಖರೇನ ಕೇಳಸ್ತೈತೇನವಾ?"

ಹುಡುಗಿ ಸೂರತ್ತಿನಲ್ಲೇ ಬೆಳೆದವಳು. ಕನ್ನಡ ಹುಡುಕಿ ಹುಡುಕಿ ಆಡುತ್ತಿದ್ದಳು. "ಆಂಟಿ, ಬಹುತ್ ಸೌಂಡ್ ಬರ್ತದೆ. ಮೈ ಕೌಂಟ್ ಕರ್ತೀ ಹೂಂ. ಇವತ್ತು ಇಪ್ಪತ್ತೊಂದು ರೊಟ್ಟಿ ಮಾಡಿದ್ರಿ, ಹೌದಲ್ಲಾ?"

ಹೌದು, ಇಪ್ಪತ್ತೊಂದೇ. ಗೌರಮ್ಮನಿಗೆ ನಾಚಿಕೆಯಾಯಿತು. ಮೇಲೆ ಬಂದವಳೇ ಉಪಾಯಕ್ಕೆ ಶುರು ಹಚ್ಚಿಕೊಂಡಳು. ಮಂಗಳವಾರ ಹಲಗೆಯ ಕೆಳಗೆ ಎರಡು ಕೌದಿ ಮಡಚಿ ಹಾಕಿದಳು. ಹಲಗೆ ತೊಟ್ಟಿಲಿನಂತೆ ತೂಗಿ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಆಮೇಲೆ ಸ್ಟೋವು, ಹಲಗೆ ಎಲ್ಲ ಹೊತ್ತು ತಾರಸಿಗೆ ಹೋದಳು. ನಾಲ್ಕನೇ ಅಂತಸ್ತಿನವರು ಕಳ್ಳರು ಬಂದರೆಂದು ಕೋಲು ಹಿಡಿದು ಬಂದರು. ಬುಧವಾರ ಚಪಾತಿ ಮಾಡಿದಳು. ಹನುಮಂತ ಮೂರು ತಿಂದು, "ಭಾಳ ಮೆತ್ತಗ ಆಗ್ಯಾವು" ಎಂದು ಹೊಗಳಿ, ಮಧ್ಯಾಹ್ನದ ಡಬ್ಬಿಯಲ್ಲಿದ್ದ ನಾಲ್ಕನ್ನು ಹಾಗೇ ವಾಪಸು ತಂದ. ಅವಳಿಗೂ ಹೊಟ್ಟೆ ತುಂಬಲಿಲ್ಲ. ಕೈಯೇ ಜಡವಾದಂತಿತ್ತು. ಮೂವತ್ತು ವರ್ಷ ಬೆಳಗಾದರೆ ಬಡಿದ ಕೈ ಅದು.

ಎದುರಿನ ಹೊಸ ಕಟ್ಟಡದ ನೆಲ ಅಂತಸ್ತಿನಲ್ಲಿ ಶಾರದಾಬೆನ್ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಕಾಠಿಯಾವಾಡ ಕಡೆಯ ದಪ್ಪ ವಿಧವೆ, ಗಂಟಲು ಕಂಚಿನದು. ಅಕ್ಕಪಕ್ಕ ಕಟ್ಟುತ್ತಿದ್ದ ಕಟ್ಟಡಗಳ ಗೌಂಡಿಗಳು, ಬಡಿಗರು, ಲಾರಿಯವರು ಎಲ್ಲ ಅಲ್ಲೇ ಉಣ್ಣುತ್ತಿದ್ದರು. ಅವಳು ಸಜ್ಜೆಯ ರೊಟ್ಲೊ ಮಾಡುತ್ತಾಳೆ, ಹಿಟ್ಟಿನ ಉಂಡೆಯನ್ನು ಎರಡು ಅಂಗೈ ನಡುವೆ ತಟ್ಟಿ ತಟ್ಟಿ, ಹಲಗೆಯೇ ಇಲ್ಲದೆ. ಸದ್ದೆಂದರೆ ಬಳೆಯ ಸದ್ದಷ್ಟೇ. ಗುರುವಾರ ಗೌರಮ್ಮ ಜೋಳದ ಹಿಟ್ಟಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದಳು.

"ಬೆನ್, ಹಮಕೋ ಭೀ ಸಿಖಾವ್," ಎಂದಳು ತನ್ನ ಹರಕು ಹಿಂದಿಯಲ್ಲಿ, ಅಲ್ಲಿಯವರಂತೆ ಅಕ್ಕನಿಗೆ ಬೆನ್ ಎಂದು.

ಶಾರದಾಬೆನ್ ಕಲಿಸಿದಳು. ಮೊದಲನೆಯದು ಕೈಯಲ್ಲೇ ಸೀಳಿತು. ಎರಡನೆಯದು ಮೊಣಕೈಗೆ ಜೋತುಬಿತ್ತು. ಮೂರನೆಯದು ನೆಲಕ್ಕೆ ಬಿತ್ತು. ಊಟಕ್ಕೆ ಕೂತಿದ್ದ ಗೌಂಡಿಗಳು ಗೊಳ್ಳೆಂದು ನಕ್ಕರು. ಶಾರದಾಬೆನ್ ಸಹ ಹೊಟ್ಟೆ ಹಿಡಿದುಕೊಂಡು, "ನೀನು ಬಟ್ಟೆ ಹಿಂಡುತ್ತೀಯೋ, ರೊಟ್ಲೊ ಮಾಡುತ್ತೀಯೋ?" ಎಂದು ಗುಜರಾತಿಯಲ್ಲಿ ಕೇಳಿದಳು.

ಗೌರಮ್ಮನಿಗೆ ಸಿಟ್ಟು ನೆತ್ತಿಗೇರಿತು. ರಸ್ತೆಯಲ್ಲಿ ಬರುವ ರಿಕ್ಷಾ ನೋಡದೆ ದಾಟಿ, ಮೂರು ಅಂತಸ್ತು ಹತ್ತಿ, ತನ್ನ ಹಲಗೆಯನ್ನೂ ಕಬ್ಬಿಣದ ಹಂಚನ್ನೂ ಹೊತ್ತು ತಂದಳು. ಶಾರದಾಬೆನ್‌ಳ ಒಲೆಯ ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ ಕೂತಳು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಬಿಸಿ ಇರುವಾಗಲೇ ನಾದಿ, ಉಂಡೆ ಮಾಡಿ, ಹಲಗೆಗೆ ಹಿಟ್ಟು ಉದುರಿಸಿ ಬಡಿಯತೊಡಗಿದಳು.

ಅಲ್ಲಿ ಕೆಳಗೆ ಯಾರ ಮನೆಯೂ ಇರಲಿಲ್ಲ. ಬರೀ ಮಣ್ಣು. ಧಪ್ ಧಪ್ ಎಂದು ನಾಲ್ಕು ದಿನದ ಸಿಟ್ಟೆಲ್ಲ ಕೈಯಲ್ಲಿಳಿಯಿತು. ರೊಟ್ಟಿ ಹಲಗೆಯ ಮೇಲೆ ತಾನಾಗಿ ತಿರುಗುತ್ತ ಅಗಲವಾಯಿತು, ಮತ್ತೂ ಅಗಲವಾಯಿತು, ಹಲಗೆಯ ಅಂಚು ಮುಟ್ಟಿತು. ಒಂದು ಗೇಣಲ್ಲ, ಎರಡು ಗೇಣು. ನಗುತ್ತಿದ್ದವರು ತಟ್ಟೆ ಬಿಟ್ಟು ಎದ್ದು ಸುತ್ತ ನಿಂತರು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಬೆಂಕಿಗೆ ಹಿಡಿದಾಗ ರೊಟ್ಟಿ ಚೆಂಡಿನಂತೆ ಉಬ್ಬಿತು. ಶಾರದಾಬೆನ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಆಚೆಯ ಬೆಳಕು ಈಚೆ ಕಂಡಿತು.

"ಅರೇ ಬಾಪ್ ರೇ," ಎಂದಳು.

ಅಂದು ಗೌಂಡಿಗಳು ರೊಟ್ಲೊ ಬಿಟ್ಟು ಅದನ್ನೇ ಕೇಳಿದರು. ಉಳಿದ ಹತ್ತನ್ನು ಗೌರಮ್ಮ ಒಲೆಯ ಬದಿಗೆ ಗೋಡೆಗೊರಗಿಸಿ ನಿಲ್ಲಿಸಿ ಬಂದಳು. ಅವಳ ಊರಲ್ಲಿ ಎಲ್ಲರೂ ಹೀಗೇ ಒಣಗಿಸುತ್ತಾರೆ. ಖಡಕ್ ಆದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮರುದಿನ ಬೆಳಗ್ಗೆ ಶಾರದಾಬೆನ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಕರುಂ ಎಂದಿತು. ಅವಳ ಕಣ್ಣು ಅರಳಿತು.

"ಗೌರಿಬೆನ್, ಇದು ಖಾಖರಾ! ಜೋಳದ ಖಾಖರಾ! ಇಷ್ಟು ದೊಡ್ಡದು, ಇಷ್ಟು ತೆಳ್ಳಗೆ! ಈ ಊರಿನ ಜನ ಖಾಖರಾ ಇಲ್ಲದೆ ಚಹಾ ಕುಡಿಯುತ್ತಾರೇನು?"

ಖಾಖರಾ ಎಂದರೆ ಅಲ್ಲಿಯವರು ಚಹಾದ ಜೊತೆ ಮುರಿದು ತಿನ್ನುವ ಗೋಧಿಯ ಖಡಕ್ ಚಪಾತಿ. ಗೌರಮ್ಮನಿಗೆ ಇದರಿಂದ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಚಳಿಗಾಲದಲ್ಲಿ ತಾಪಿ ದಂಡೆಯ ಗುಡಿಸಲುಗಳಲ್ಲಿ ಎಳೆಜೋಳ ಸುಟ್ಟು 'ಪೋಂಕ್' ಎಂದು ಮಾರುವುದನ್ನೂ, ಕಾರಿನವರು ಸಾಲುಗಟ್ಟಿ ತಿನ್ನುವುದನ್ನೂ ಅವಳು ಕಂಡಿದ್ದಳು. ಅದು ತಮ್ಮೂರ ಸೀತನಿಯೇ. ಸೀತನಿ ತಿನ್ನುವ ಜನಕ್ಕೆ ರೊಟ್ಟಿ ಯಾಕೆ ಸೇರುವುದಿಲ್ಲ?

ಶುಕ್ರವಾರ ಅರವತ್ತು ಬಡಿದಳು, ಎಲ್ಲ ಹೋದವು. ಶನಿವಾರ ನೂರು. ಪಕ್ಕದ ಬೀದಿಯ ಹೆಂಗಸರು ತಟ್ಟೆ ಹಿಡಿದು ಬಂದರು. ಸಂಜೆ ಶಾರದಾಬೆನ್ ಹಿಂದಿನ ಕೋಣೆಯ ಬಾಗಿಲು ತೆಗೆದು ತೋರಿಸಿದಳು. ಸಿಮೆಂಟಿನ ವಾಸನೆ ಇನ್ನೂ ಆರದ ಕೋಣೆ, ಒಂದು ಕಿಟಕಿ, ಬಚ್ಚಲು. "ಗಂಡನ್ನ ಕರಕೊಂಡು ಇಲ್ಲೇ ಬಾ. ಒಲೆ ನಿನ್ನದೊಂದು, ನನ್ನದೊಂದು."

ಗೌರಮ್ಮ ಈ ವಿಷಯ ಹೇಳಿದಾಗ ಹನುಮಂತ ತಲೆ ಮೇಲೆ ಕೈ ಹೊತ್ತು ಕೂತ.

"ಖಾನಾವಳ್ಯಾಗ ಇರೂದಾ? ಸಾಹೇಬ್ರು ಏನಂದಾರು?"

"ನೌಕರಿ ಕೊಟ್ಟದ್ದು ಸರಕಾರ, ಸಾಹೇಬ್ರಲ್ಲ. ಏನಂದಾರು? ಗಾಡ್ಯಾಗ ಹಿಂದ ಕುಂತು ಏನರ ಅಂದ್ರ, ನೀವು ಮುಂದ ನೋಡಿ ಹೊಡೀರಿ."

ಭಾನುವಾರ ಹನ್ನೊಂದಕ್ಕೆ ಕಟ್ಟಡದ ಕೆಳಗೆ, ಸ್ಕೂಟರುಗಳನ್ನು ಪಕ್ಕಕ್ಕೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸೆಕ್ರೆಟರಿ ಠಾಕೋರ್‌ಭಾಯಿ ಅಸಲಿ ಸೂರತ್ತಿನ ಮುದುಕ, ಬಾಯಲ್ಲಿ ಬೈಗುಳವಿಲ್ಲದೆ ಒಂದು ಮಾತು ಬರುತ್ತಿರಲಿಲ್ಲ. ಹೇಮಲತಾ ಎದ್ದು ನಿಂತು ಹಿಂದಿಯಲ್ಲಿ ಎಲ್ಲ ಹೇಳಿದಳು. ನಿದ್ದೆ, ಪರೀಕ್ಷೆ, ಸುಣ್ಣ, ಕಾಫಿ. ಸತ್ಯಪ್ರಕಾಶರು ಕಾಲಮೇಲೆ ಕಾಲು ಹಾಕಿ ನೆಲ ನೋಡುತ್ತಿದ್ದರು. ಹನುಮಂತ ಒಂದು ಕಂಬದ ಹಿಂದೆ ಅರ್ಧ ಮರೆಯಾಗಿದ್ದ.

"ಇವರು ಬಡಿಯುವುದಾದರೂ ಏನನ್ನು?" ಠಾಕೋರ್‌ಭಾಯಿ ಕೇಳಿದ. "ಹೆಂಡತಿ ಗಂಡನನ್ನು ಬಡಿದರೆ ನಾವು ನಡುವೆ ಬರುವುದಿಲ್ಲ."

ಎಲ್ಲರೂ ನಕ್ಕರು. ಗೌರಮ್ಮ ತಾನು ತಂದಿದ್ದ ಬುಟ್ಟಿಯ ಮೇಲಿನ ಬಟ್ಟೆ ತೆಗೆದಳು. ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಬಟ್ಟಲು ತುಪ್ಪ. ಬುಟ್ಟಿಯನ್ನು ನಡುವಿನ ಮೇಜಿನ ಮೇಲೆ ಇಟ್ಟು, "ಇದನ್ನ. ತಿಂದು ನೋಡ್ರಿ," ಎಂದಳು.

ಮುದುಕ ಮುರಿದ, ತುಪ್ಪ ಸವರಿದ, ಪುಡಿ ಹಾಕಿದ, ತಿಂದ. ಒಂದು ಬೈಗುಳ ಬೈದ. ಸೂರತ್ತಿನಲ್ಲಿ ಅದು ಹೊಗಳಿಕೆ. ಹತ್ತು ನಿಮಿಷ ಕಟ್ಟಡದ ಕೆಳಗೆ ಕರುಂ ಕರುಂ ಬಿಟ್ಟು ಬೇರೆ ಸದ್ದಿರಲಿಲ್ಲ. ಅರ್ಚಿತಾ ಎರಡನೆಯದಕ್ಕೆ ಕೈ ಹಾಕಿದಾಗ ಹೇಮಲತಾ ಕಣ್ಣು ಬಿಟ್ಟಳು, ಹುಡುಗಿ ನೋಡಲಿಲ್ಲ. ಸತ್ಯಪ್ರಕಾಶರು ಒಂದು ಚೂರು ಬಾಯಿಗೆ ಹಾಕಿಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಂದು ಚೂರು ತೆಗೆದರು.

ಠಾಕೋರ್‌ಭಾಯಿ ಬುಟ್ಟಿ ಖಾಲಿಯಾದ ಮೇಲೆ ತೀರ್ಪು ಕೊಟ್ಟ. ಹತ್ತು ಗಂಟೆಯ ನಂತರ, ಮಕ್ಕಳು ಶಾಲೆಗೆ ಹೋದ ಮೇಲೆ, ಹಲಗೆಯ ಕೆಳಗೆ ರಬ್ಬರು ಹಾಕಿಕೊಂಡು ಈ ಬೆನ್ ರೊಟ್ಟಿ ಬಡಿಯಬಹುದು. ಮನೆ ಬಿಡಬೇಕಿಲ್ಲ. ಎಲ್ಲರೂ ಕೈ ಎತ್ತಿದರು.

ಸತ್ಯಪ್ರಕಾಶರು ಎದ್ದು, ದೊಡ್ಡ ಮನಸ್ಸಿನ ದನಿಯಲ್ಲಿ ಕನ್ನಡದಲ್ಲಿ ಹೇಳಿದರು. "ನೋಡಮ್ಮ, ಎಲ್ಲರೂ ಒಪ್ಪಿದ್ದಾರೆ. ಇನ್ನು ಆರಾಮಾಗಿ ಇರಿ. ಹೇಮಾಗೆ ಒಂದು ಮಾತು ತಪ್ಪಾಯ್ತು ಅಂತ ಹೇಳಿಬಿಡಿ, ಮುಗೀತು."

ಕಂಬದ ಹಿಂದಿನ ಹನುಮಂತ ಇನ್ನಷ್ಟು ಮರೆಗೆ ಸರಿದ. ಹೆಂಡತಿಯ ಬಾಯಿ ಅವನಿಗೆ ಗೊತ್ತಿತ್ತು.

"ತಪ್ಪಾತು ಬಾಯಾರ," ಎಂದಳು ಗೌರಮ್ಮ. ಮಾತಿನಲ್ಲಿ ಕೊಂಕಿರಲಿಲ್ಲ. "ಎಂಟು ತಿಂಗಳು ನಿಮ್ಮ ತಲಿ ಮ್ಯಾಲೆ ಬಡದೆ. ನನಗ ತಿಳೀಲಿಲ್ಲ. ಹುಡುಗಿ ನಿದ್ದಿ ಕೆಡಿಸಿದೆ. ಆದ್ರ ಹತ್ತಕ್ಕ ಬಡಿ, ಹನ್ನೊಂದಕ್ಕ ನಿಲ್ಸು ಅಂತ ಇನ್ನೊಬ್ರು ಹೇಳಿದ ಹೊತ್ತಿಗೆ ನನ್ನ ಕೈ ಏಳೂದಿಲ್ರಿ. ಎದರಿಗೆ ಜಾಗ ನೋಡೀನಿ. ಅಲ್ಲಿ ಕೆಳಗ ಮಣ್ಣೈತಿ." ಅವಳು ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ಅನಂತರಾಮ ಸಾಹೇಬ್ರಿಗೆ ಕೊಡ್ರಿ. ಪುಣ್ಯಾತ್ಮರು, ಸೂರು ಕೊಟ್ರು."

ಹೇಮಲತಾ ಕೀಲಿಯನ್ನೂ ಗೌರಮ್ಮನನ್ನೂ ನೋಡಿದಳು. ಗೆದ್ದವಳು ತಾನೋ ಸೋತವಳು ತಾನೋ ಅವಳಿಗೆ ತಿಳಿಯಲಿಲ್ಲ.

"ಮತ್ತೆ... ಈ ರೊಟ್ಟಿ? ಅರ್ಚಿತಾಗೆ ಇಷ್ಟ ಆಯ್ತು ಅಂತ ಕಾಣುತ್ತೆ."

"ಅಂಗಡಿಗೆ ಬರ್ರಿ ಬಾಯಾರ. ಮುಂಜಾನಿ ಆರಕ್ಕ ಬಿಸೀದು. ಸಾಲು ಇರ್ತೈತಿ, ಸ್ವಲ್ಪ ನಿಲ್ಲಬೇಕಾಗ್ತೈತಿ."

ಠಾಕೋರ್‌ಭಾಯಿ ಅರ್ಚಿತಾ ಹಿಂದಿಯಲ್ಲಿ ತಿಳಿಸಿದ್ದೇ ಮೇಜು ಗುದ್ದಿ ಗಹಗಹಿಸಿದ. ಗೌರಮ್ಮ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಗೇಟು ದಾಟಿದಳು. ಆಚೆ ಶಾರದಾಬೆನ್ ತನ್ನ ಕಂಚಿನ ಗಂಟಲಲ್ಲಿ, "ಗೌರಿಬೆನ್, ಜನ ನಿಂತಿದ್ದಾರೆ, ಜಲ್ದಿ!" ಎಂದು ಕೂಗಿದಳು. ಕಂಬದ ಹಿಂದಿದ್ದ ಹನುಮಂತ ಈಚೆ ಬಂದ, ಸಾಹೇಬರ ಮುಖ ನೋಡಿದ, ನೆಟ್ಟಗೆ ನಿಂತು, "ನಾ ಟ್ರಂಕ್ ಇಳಸ್ತೀನ್ರಿ ಸರ," ಎಂದು ಆ ಕೀಲಿಯನ್ನೇ ಅರ್ಧ ಗಂಟೆಗೆಂದು ಕೇಳಿ ಇಸಿದುಕೊಂಡ.

ಅವನು ಮೂರು ಸಲ ಹತ್ತಿ ಇಳಿದು ಸಾಮಾನು ಸಾಗಿಸಿದ. ಪಾತ್ರೆಯೊಂದು ಉಳಿಯಿತೋ ಏನೋ ನೋಡಲು ಬಾ ಎಂದು ರಸ್ತೆಯಿಂದಲೇ ಹೆಂಡತಿಯನ್ನು ಕೂಗಿದ. ಹಿಟ್ಟಿನ ಕೈ ಬೀಸಿ ಅವಳು ಒಲ್ಲೆನೆಂದಳು. ಗೌರಮ್ಮ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.