ಸದ್ದಿಲ್ಲದ ತಿರುಗುಮಣೆ

ನಮ್ಮ ಅಂಗಡಿಯ ಮೇಜಿನ ಮೇಲೆ ಒಂದು ತಿರುಗುಮಣೆ ಇದೆ. ದುಂಡನೆಯ ಮರದ ಹಲಗೆ, ಅಡಿಯಲ್ಲಿ ಕಬ್ಬಿಣದ ಗುಂಡುಗಳು, ಮೇಲೆ ಹಸಿರು ಬಟ್ಟೆ. ಗಿರಾಕಿ ತಂದ ಬೊಂಬೆಯನ್ನು ಅದರ ಮೇಲಿಟ್ಟು ಒಂದು ಬೆರಳು ತಾಗಿಸಿದರೆ ಸಾಕು, ಎಲ್ಲ ಮಗ್ಗುಲಿಂದಲೂ ನೋಡಬಹುದು. ತಿರುಗುವಾಗಲೆಲ್ಲ ಅದು ಕಿರ್ ಕಿರ್ ಎನ್ನುತ್ತಿತ್ತು.

"ಆ ಸದ್ದು ಕೇಳಿದ್ರೆ ತಲೆಬುರುಡೆ ಮೇಲೆ ಯಾರೋ ಗರಗಸ ಎಳೆದ ಹಾಗಾಗುತ್ತೆ ಪುಟ್ಟಿ," ಎಂದು ದೊಡ್ಡಪ್ಪ ಎರಡು ಸಲ ಹೇಳಿದ್ದರು. ಮಂಗಳವಾರ ಬೆಳಿಗ್ಗೆ ನಾನು ಹೊಲಿಗೆ ಯಂತ್ರದ ಎಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಮಣೆ ಬೆಣ್ಣೆಯ ಮೇಲೆ ಕೂತಂತೆ ತಿರುಗಿತು. ನನಗೆ ಖುಷಿಯಾಯಿತು. ಅದೇ ದಿನ ಮಧ್ಯಾಹ್ನ ಭೂತಗನ್ನಡಿಯವರು ಬಂದರು.

ಅದಕ್ಕೆ ಮೊದಲು ನಮ್ಮ ಕೆಲಸವನ್ನೂ ನಮ್ಮ ಗುಟ್ಟನ್ನೂ ಹೇಳಿಬಿಡುತ್ತೇನೆ.

ದೊಡ್ಡಪ್ಪ ಹಳೆಯ ರೋಬೋಟ್ ಬೊಂಬೆಗಳ ನೋಟಗಾರರು. ಕೈ ಮಡಚಿ, ಕಾಲು ಒಳಗೆಳೆದು, ತಲೆ ಹಿಂದಕ್ಕೆ ಒತ್ತಿದರೆ ಲಾರಿಯೋ ವಿಮಾನವೋ ಆಗುವಂಥವು. ನಲವತ್ತು ವರ್ಷದ ಹಿಂದೆ ಮಕ್ಕಳು ಆಡಿ ಎಸೆದದ್ದನ್ನು ಈಗ ತಲೆ ನರೆತವರು ಹುಡುಕಿಕೊಂಡು ಅಲೆಯುತ್ತಾರೆ. ಒಂದೇ ಅಚ್ಚು ದೇಶದಿಂದ ದೇಶಕ್ಕೆ ಹೋಗುತ್ತಿತ್ತಂತೆ. ಹೋದ ಕಡೆ ಅಲ್ಲಿ ಸಿಕ್ಕ ಪ್ಲಾಸ್ಟಿಕ್ಕು, ಅಲ್ಲಿ ಸಿಕ್ಕ ಬಣ್ಣ, ಅಲ್ಲಿ ಸಿಕ್ಕ ಸ್ಕ್ರೂ ಹಾಕುತ್ತಿದ್ದರು. ಹೀಗೆ ಅಣ್ಣತಮ್ಮಂದಿರಂತೆ ಕಾಣುವ ಬೊಂಬೆಗಳಲ್ಲಿ ಯಾವುದು ಯಾವ ಕಾರ್ಖಾನೆಯದು, ಯಾವುದು ಅಪರೂಪದ್ದು, ಯಾವುದಕ್ಕೆ ಆಮೇಲೆ ಬಣ್ಣ ಬಳಿದಿದ್ದಾರೆ ಎಂದು ದೊಡ್ಡಪ್ಪ ನೋಡಿ ಹೇಳುತ್ತಾರೆ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಬೊಂಬೆಯ ಕಾಲಿಗೆ ದಾರದಿಂದ ಕಟ್ಟುತ್ತೇವೆ. ಆ ಚೀಟಿ ಇದ್ದರೆ ಮತ್ತೆ ಯಾರೂ ತಕರಾರು ಮಾಡುವುದಿಲ್ಲ.

ಗುಟ್ಟೆಂದರೆ, ದೊಡ್ಡಪ್ಪನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಪೂರ್ತಿ ಕತ್ತಲೆ ಅಲ್ಲ. ಅಂಚಿನಲ್ಲಿ ಬೆಳಕಿದೆ, ನಡುವೆ ಮಸಿ ಮೆತ್ತಿದ ಹಾಗೆ. ಯಾರನ್ನು ನೋಡಿದರೂ ಮುಖವಿರಬೇಕಾದ ಜಾಗದಲ್ಲಿ ಮುಖವಿರುವುದಿಲ್ಲವಂತೆ. ಸರಿಮಾಡಲು ಆಗದು ಎಂದು ಡಾಕ್ಟರು ಹೇಳಿ ಆಗಿದೆ. ಇದು ಗೊತ್ತಿದ್ದದ್ದು ನನಗೆ ಮತ್ತು ದೊಡ್ಡಮ್ಮನಿಗೆ ಮಾತ್ರ.

"ತಟ್ಟೇಲಿ ಕೂದಲು ಬಿದ್ರೆ ಕಾಣಲ್ಲ, ಬೊಂಬೆ ಮೈಮೇಲಿನ ಗೆರೆ ಕಾಣುತ್ತಂತೆ ಮಹಾರಾಯರಿಗೆ!" ಎಂದು ದೊಡ್ಡಮ್ಮ ಮನೆಯಲ್ಲಿ ಚುಚ್ಚುತ್ತಾರೆ. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ.

ನೋಡುವವಳು ನಾನು. ಅಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಗೆ ಬಂದೆ. ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಎಂದರೆ ನನ್ನ ಗಂಟಲು ಕಟ್ಟಿಬಿಡುತ್ತಿತ್ತು. ಮಕ್ಕಳು ಮೂಗಿ ಎಂದರು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಯಾರೂ ಕರೆಯಲಿಲ್ಲ. ಅಂಗಡಿಯ ಕಿಟಕಿಯ ಬಳಿ ಕೂತು ಕುಂಚದಿಂದ ಬೊಂಬೆಗಳ ಧೂಳು ತೆಗೆಯುವುದು ನನ್ನ ಕೆಲಸವಾಯಿತು. ಹತ್ತು ವರ್ಷ ಧೂಳು ತೆಗೆದರೆ ಕಣ್ಣಿಗೆ ಬೇಕಾದ ವಿದ್ಯೆ ತಾನಾಗಿ ಬರುತ್ತದೆ.

ಗಿರಾಕಿ ಬೊಂಬೆ ತಂದರೆ ಮೊದಲು ನನ್ನ ಕೈಗೆ ಬರುತ್ತದೆ. ಧೂಳು ತೆಗೆಯುವ ನೆಪದಲ್ಲಿ ನೋಡುತ್ತೇನೆ. ಮಣೆಯ ಮೇಲೆ ಮಲಗಿಸುವಾಗ, ಅಪರೂಪದ್ದಾದರೆ ಕಾಲು ದೊಡ್ಡಪ್ಪನ ಕಡೆಗೆ, ಸಾಮಾನ್ಯದ್ದಾದರೆ ತಲೆ ಅವರ ಕಡೆಗೆ. ದೊಡ್ಡಪ್ಪ ಕೈ ಚಾಚುತ್ತಾರೆ, ಬೆರಳಿಗೆ ಮೊದಲು ಯಾವುದು ತಗುಲುತ್ತದೋ ಅದೇ ಉತ್ತರ. ಉಳಿದ ವಿವರಗಳನ್ನು ಗಿರಾಕಿ ಹೋದ ಮೇಲೆ ಪಿಸುಗುಟ್ಟುತ್ತೇನೆ, ಚೀಟಿ ಮರುದಿನ ಕೊಡುತ್ತೇವೆ.

ಬಾಗಿಲ ಗಂಟೆ ಅಲ್ಲಾಡಿದಾಗ ದೊಡ್ಡಪ್ಪ "ಯಾರು" ಎಂದು ಎಂದೂ ಕೇಳುವುದಿಲ್ಲ. ಕೇಳಿದರೆ ಮುಗಿಯಿತು. "ಬನ್ನಿ ಬನ್ನಿ, ಎಷ್ಟು ದಿನ ಆಯ್ತು!" ಎನ್ನುತ್ತಾರೆ. ಜನ್ಮದಲ್ಲಿ ಮೊದಲ ಸಲ ಬಂದವರೂ ತಬ್ಬಿಬ್ಬಾಗಿ, "ಹೌದು ಸಾರ್, ಬರೋಕೇ ಆಗ್ಲಿಲ್ಲ" ಎಂದುಬಿಡುತ್ತಾರೆ.

ಭೂತಗನ್ನಡಿಯವರ ನಿಜ ಹೆಸರು ಯಾರೂ ಬಳಸುವುದಿಲ್ಲ. ಕೊರಳಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುತ್ತಿರುತ್ತದೆ. ಬೊಂಬೆ ಕೂಡಿಡುವವರ ನಡುವೆ ಅವರ ಮಾತಿಗೆ ತೂಕ. ಎರಡು ಬೀದಿ ಆಚೆ ಇನ್ನೊಬ್ಬ ನೋಟಗಾರರಿದ್ದರು. ಅವರು ಹೇಳಿದ್ದೊಂದು ತಪ್ಪೆಂದು ಇವರು ಎಲ್ಲರೆದುರು ತೋರಿಸಿಕೊಟ್ಟರು. ಒಂದು ತಿಂಗಳಲ್ಲಿ ಆ ಅಂಗಡಿಯ ಬಾಗಿಲು ಮುಚ್ಚಿತು. ಹೋದ ವರ್ಷ ಇವರೇ ತಂದ ಬೊಂಬೆಯೊಂದಕ್ಕೆ ನಾವು "ಬಣ್ಣ ಹೊಸದು" ಎಂದು ಚೀಟಿ ಕಟ್ಟಿದ್ದೆವು. ಆ ಹೊಸ ಬಣ್ಣ ಕಂಡಿದ್ದು ನನಗೆ. ಅಂದಿನಿಂದ ಅವರು ಬಂದಾಗಲೆಲ್ಲ ಬೊಂಬೆಯನ್ನು ಬಿಟ್ಟು ದೊಡ್ಡಪ್ಪನನ್ನು ನೋಡುತ್ತಿದ್ದರು. ಹೋದ ತಿಂಗಳು ಎರಡು ಸಲ ಬಂದು ಸುಮ್ಮನೆ ಕೂತರು, ಎರಡನೆಯ ಸಲ ನನ್ನ ಕೈಯನ್ನೂ ನೋಡಿದರು. ಅವತ್ತು ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ ಅವರು ಎರಡು ಪೆಟ್ಟಿಗೆ ತಂದರು.

"ಬನ್ನಿ ಬನ್ನಿ, ಎಷ್ಟು ದಿನ ಆಯ್ತು!" ಎಂದರು ದೊಡ್ಡಪ್ಪ.

"ಹತ್ತು ದಿನ," ಎಂದರು ಭೂತಗನ್ನಡಿಯವರು. "ನಿಮಗೆ ಜಾಸ್ತಿ ಅನ್ನಿಸ್ತಾ?"

ದೊಡ್ಡಪ್ಪ ನಕ್ಕರು. ನಗು ಒಂದು ಗಳಿಗೆ ತಡವಾಗಿ ಬಂತು.

ಪೆಟ್ಟಿಗೆಗಳಲ್ಲಿ ಎರಡು ರೋಬೋಟ್‌ಗಳಿದ್ದವು, ಎರಡೂ ಬಂಗಾರ ಬಣ್ಣದ ಲಾರಿ ಜಾತಿಯವು. "ಒಂದು ದಕ್ಷಿಣದ್ದು, ಒಂದು ಮಾಮೂಲಿ," ಎಂದರು. "ಯಾವುದು ಯಾವುದು ಅಂತ ನನಗೆ ಗೊತ್ತು. ನಿಮ್ಮ ಬಾಯಲ್ಲಿ ಕೇಳಬೇಕು ಅಂತ ಬಂದೆ."

ದಕ್ಷಿಣದ್ದು ಎಂದರೆ ಕಡಲಾಚೆಯ ಒಂದು ಸಣ್ಣ ಕಾರ್ಖಾನೆಯದು. ಅಲ್ಲಿ ಒಂದೇ ವರ್ಷ ಮಾಡಿದರಂತೆ. ಮಾಮೂಲಿಯದರಲ್ಲಿ ಹಳದಿ ಪ್ಲಾಸ್ಟಿಕ್ಕಿನ ಮೇಲೆ ಬಂಗಾರದ ಬಣ್ಣ ಹೊಡೆದಿರುತ್ತದೆ. ದಕ್ಷಿಣದವರು ಬಂಗಾರ ಬಣ್ಣದ ಪುಡಿಯನ್ನು ಪ್ಲಾಸ್ಟಿಕ್ಕಿನೊಳಗೇ ಕಲಸಿದರು. ಕೈಗೆ ಎರಡೂ ಒಂದೇ. ಬೆಳಕಿಗೆ ಹಿಡಿದರೆ ಮಾತ್ರ ದಕ್ಷಿಣದ್ದರ ಮೈಯಲ್ಲಿ ನೀರು ಸುಳಿದಂಥ ತೆಳು ಗೆರೆಗಳು ಕಾಣುತ್ತವೆ. ಆ ಪುಡಿಯೇ ಅದಕ್ಕೆ ಶಾಪ. ವರ್ಷ ಕಳೆದಂತೆ ಪ್ಲಾಸ್ಟಿಕ್ಕು ಒಳಗೊಳಗೇ ಸತ್ತುಹೋಗುತ್ತದೆ. ಸುಮ್ಮನೆ ಮಲಗಿದ್ದರೆ ನೂರು ವರ್ಷ ಇದ್ದೀತು. ಕೀಲು ತಿರುಗಿಸಿದರೆ ಮೊಟ್ಟೆ ಚಿಪ್ಪಿನಂತೆ ಪುಡಿ. ಆದ್ದರಿಂದ ದಕ್ಷಿಣದ್ದನ್ನು ಯಾರೂ ಎಂದೂ ತಿರುಗಿಸುವುದಿಲ್ಲ.

ಮಾಮೂಲಿಯದನ್ನು ಮಾತ್ರ ದೊಡ್ಡಪ್ಪ ತಿರುಗಿಸುತ್ತಾರೆ. ಅದು ಅವರ ಅಭ್ಯಾಸ. "ಇದು ಸಾಮಾನ್ಯದ್ದು" ಎಂದವರೇ ಎತ್ತಿಕೊಂಡು, ಟಕಟಕನೆ ಎಂಟು ತಿರುವಿನಲ್ಲಿ ಲಾರಿ ಮಾಡಿ ಗಿರಾಕಿಯ ಅಂಗೈಯಲ್ಲಿಡುತ್ತಾರೆ.

ನಾನು ಎರಡನ್ನೂ ಕಿಟಕಿಗೆ ಒಯ್ದೆ. ಮೊದಲನೆಯದರ ಎದೆಯಲ್ಲಿ, ತೊಡೆಯಲ್ಲಿ ಸುಳಿಗೆರೆ ಇತ್ತು. ದಕ್ಷಿಣದ್ದೇ. ಆದರೆ ಎಡ ಮುಂಗೈಯಲ್ಲಿ ಗೆರೆ ಇರಲಿಲ್ಲ. ಬೆರಳಿನ ಸಂದಿನಲ್ಲಿ ಸಾಸಿವೆಯಷ್ಟು ಹಳದಿ ಇಣುಕುತ್ತಿತ್ತು. ಯಾರೋ ಮುರಿದ ಕೈ ತೆಗೆದು ಮಾಮೂಲಿಯದರ ಕೈ ಕೂರಿಸಿದ್ದರು. ಇದನ್ನು ಹೇಳಲು ನಮ್ಮಲ್ಲಿ ಗುರುತಿರಲಿಲ್ಲ. ತಲೆ, ಕಾಲು, ಅಷ್ಟೇ ನಮ್ಮ ಭಾಷೆ. ಆಮೇಲೆ ಹೇಳಿದರಾಯಿತು ಎಂದುಕೊಂಡು ದಕ್ಷಿಣದ್ದನ್ನು ದೊಡ್ಡಪ್ಪನ ಎಡಕ್ಕೆ ಕಾಲು ಅವರ ಕಡೆ ಮಾಡಿ, ಮಾಮೂಲಿಯದನ್ನು ಬಲಕ್ಕೆ ತಲೆ ಅವರ ಕಡೆ ಮಾಡಿ ಮಲಗಿಸಿ, ಕಿಟಕಿಗೆ ಹಿಂದಿರುಗಿದೆ.

ಭೂತಗನ್ನಡಿಯವರು ನನ್ನನ್ನು ನೋಡಿದರು. ನನ್ನಿಂದ ಕಣ್ಣು ತೆಗೆಯದೆ ಮಣೆಯ ಅಂಚಿಗೆ ಒಂದು ಬೆರಳಿಟ್ಟರು. ತಿರುಗಿಸಿದರು. ಅರ್ಧ ಸುತ್ತು.

ಮಣೆ ಉಸಿರೂ ಬಿಡಲಿಲ್ಲ.

ದಕ್ಷಿಣದ್ದು ಬಲಕ್ಕೆ ಹೋಯಿತು. ಅದರ ತಲೆ ದೊಡ್ಡಪ್ಪನ ಕಡೆಗಾಯಿತು.

ನಾಲ್ಕು ಹನಿ ಎಣ್ಣೆ. ನಿನ್ನೆಯಾಗಿದ್ದರೆ ಅದು ಕಿರುಗುಟ್ಟುತ್ತಿತ್ತು, ದೊಡ್ಡಪ್ಪ ಕೈ ಹಿಂದೆಳೆಯುತ್ತಿದ್ದರು. ನಾನು ಕುಂಚವನ್ನು ನೆಲಕ್ಕೆ ಬೀಳಿಸಿದೆ.

"ನಿಧಾನ ಪುಟ್ಟಿ," ಎಂದರು ದೊಡ್ಡಪ್ಪ, ತಲೆಯೆತ್ತದೆ.

ಕೆಮ್ಮಿದೆ. ಕೆಮ್ಮಿಗೆ ನಮ್ಮಲ್ಲಿ ಅರ್ಥವಿರಲಿಲ್ಲ. ಭೂತಗನ್ನಡಿಯವರ ತುಟಿಯ ತುದಿ ಮೇಲಕ್ಕೇರಿತು.

ದೊಡ್ಡಪ್ಪನ ಕೈ ಎಡಗಡೆಯದರ ಕಾಲು ಮುಟ್ಟಿತು. "ಇದು ದಕ್ಷಿಣದ್ದು. ಒಳ್ಳೇ ಸ್ಥಿತೀಲಿದೆ." ಬಲಗಡೆಯದರ ತಲೆ ಮುಟ್ಟಿತು. "ಇದು ನಮ್ಮ ಮಾಮೂಲಿ. ಬಳಿದ ಬಂಗಾರ."

"ಹೌದಾ?" ಎಂದರು ಭೂತಗನ್ನಡಿಯವರು ಮೆಲ್ಲಗೆ. "ಚೆನ್ನಾಗಿ ನೋಡಿದಿರಾ?"

"ಇದನ್ನೇನು ನೋಡೋದು ಸ್ವಾಮಿ, ಸಾವಿರ ನೋಡಿದೀನಿ," ಎಂದು ದೊಡ್ಡಪ್ಪ ಬಲಗಡೆಯದನ್ನು, ಅಂದರೆ ನಿಜವಾದ ದಕ್ಷಿಣದ್ದನ್ನು, ಎತ್ತಿಕೊಂಡರು. ಎಡಗೈಯಲ್ಲಿ ಎದೆ, ಬಲಗೈಯಲ್ಲಿ ಸೊಂಟ. ಹೆಬ್ಬೆರಳು ಕೀಲಿನ ಮೇಲೆ ಕೂತಿತು.

ಅದು ಭೂತಗನ್ನಡಿಯವರದೇ ಬೊಂಬೆ. ಅವರು ತಡೆಯುತ್ತಾರೆ ಎಂದುಕೊಂಡೆ. ಅವರ ಬಾಯಿ ಅರ್ಧ ತೆರೆದಿತ್ತು, ಹಣೆಯಲ್ಲಿ ಬೆವರಿತ್ತು, ಕೈ ಮಾತ್ರ ಮುಂದೆ ಬರಲಿಲ್ಲ. ಪಕ್ಕದ ಮನೆಯವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವನ ಗಾದೆ ಕೇಳಿದ್ದೆ. ಅಂಥವರನ್ನು ನೋಡಿದ್ದು ಅವತ್ತೇ. ಬೊಂಬೆ ಪುಡಿಯಾದರೆ ಆಗಲಿ, ದೊಡ್ಡಪ್ಪನ ಕೈಯಲ್ಲಿ ಆಗಲಿ.

ನನ್ನ ಗಂಟಲು ಕಟ್ಟಿತ್ತು. ಏಳನೇ ಕ್ಲಾಸಿನ ಬೆಂಚಿನ ಹತ್ತಿರ ನಿಂತ ಹಾಗೆ, ಪುಸ್ತಕ ಕಣ್ಣೆದುರಿದ್ದು ಅಕ್ಷರ ಹೊರಗೆ ಬಾರದ ಹಾಗೆ. ದೊಡ್ಡಪ್ಪನ ಹೆಬ್ಬೆರಳಿನ ಉಗುರು ಬೆಳ್ಳಗಾಯಿತು. ಒತ್ತುತ್ತಿದ್ದಾರೆ.

"ತಿರುಗಿಸ್ಬೇಡಿ!"

ಅದು ಕೂಗಾಗಿರಲಿಲ್ಲ, ಬಾಗಿಲು ಬಡಿದ ಸದ್ದಿನಂತಿತ್ತು. "ದೊಡ್ಡಪ್ಪ, ತಿರುಗಿಸ್ಬೇಡಿ. ಮಣೆ ತಿರುಗಿಸಿದಾರೆ. ನಿಮ್ಮ ಕೈಲಿರೋದು ದಕ್ಷಿಣದ್ದು."

ದೊಡ್ಡಪ್ಪನ ಕೈ ಹಾಗೆಯೇ ನಿಂತಿತು. ಹಕ್ಕಿಮರಿಯನ್ನು ಗೂಡಿಗೆ ಹಾಕುವ ಹಾಗೆ ಬೊಂಬೆಯನ್ನು ಕೆಳಗಿಟ್ಟರು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಅಂತೂ ಮೂಗಿಗೆ ಬಾಯಿ ಬಂತು," ಎಂದರು ಭೂತಗನ್ನಡಿಯವರು. ಆ ಹೆಸರು ಅವರಿಗೆ ಹೇಗೆ ಗೊತ್ತಾಯಿತೋ. "ಎಷ್ಟು ದಿನದಿಂದ ನಡೀತಿದೆ ಈ ಆಟ?"

ದೊಡ್ಡಪ್ಪನೇ, "ಎರಡು ವರ್ಷ," ಎಂದರು.

"ಎರಡು ವರ್ಷದ ಚೀಟಿ ಎಲ್ಲ ಕುರುಡನ ಚೀಟಿ ಹಾಗಾದ್ರೆ. ನಾಳೆ ಎಲ್ಲರಿಗೂ ಹೇಳ್ತೀನಿ. ಹಳೇ ಚೀಟಿ ಹಿಡ್ಕೊಂಡು ಬಂದು ಬಾಗಿಲ ಮುಂದೆ ಸಾಲು ನಿಲ್ತಾರೆ, ನೋಡ್ತಿರಿ."

ದೊಡ್ಡಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ನಾನು ಕಿಟಕಿಯಿಂದ ಎದ್ದು ಬಂದೆ. ಮೇಜಿನ ಅಂಚು ಹಿಡಿದುಕೊಂಡೆ.

"ಚೀಟಿ ಕುರುಡಲ್ಲ," ಎಂದೆ. "ನೋಡಿದ್ದು ನಾನು. ಒಂದೂ ತಪ್ಪಿಲ್ಲ."

"ನೀನು! ಎಲ್ಲಿ ಓದಿದ್ದಮ್ಮ ನೀನು?"

"ಎಲ್ಲೂ ಓದಿಲ್ಲ. ನಿಮ್ಮ ದಕ್ಷಿಣದ್ದರ ಎಡಗೈ ದಕ್ಷಿಣದ್ದಲ್ಲ. ಬೇರೆ ಕೈ ಕೂರಿಸಿದಾರೆ. ಬೆರಳ ಸಂದೀಲಿ ಹಳದಿ ಇದೆ. ನೋಡಿ."

ಅವರು ನಕ್ಕರು. ನಗುತ್ತಲೇ ಕೊರಳ ಕನ್ನಡಿ ಎತ್ತಿದರು. ಬೊಂಬೆಯ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ತಲೆ ಎತ್ತಿದಾಗ ನಗುವಿನ ಜಾಗದಲ್ಲಿ ಏನೂ ಇರಲಿಲ್ಲ. ದೊಡ್ಡಪ್ಪನಿಗೆ ಮುಖಗಳು ಹೀಗೇ ಕಾಣುತ್ತವೇನೋ ಎಂದು ಅನ್ನಿಸಿ ಭಯವಾಯಿತು.

"ಇದು ಪೂರ್ತಿ ಸರಿಯಿದೆ ಅಂತ ಎಲ್ಲರಿಗೂ ತೋರಿಸಿದೀನಿ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡು ದನಿ ತಗ್ಗಿಸಿದರು. "ನೋಡಿ ಯಜಮಾನರೇ. ನಾನು ಇಲ್ಲಿ ಏನೂ ನೋಡಿಲ್ಲ. ನಿಮ್ಮ ಹುಡುಗೀನೂ ಏನೂ ನೋಡಿಲ್ಲ. ದಕ್ಷಿಣದ್ದು, ಪೂರ್ತಿ ಸರಿಯಿದೆ ಅಂತ ಒಂದು ಚೀಟಿ ಕಟ್ಟಿ. ಅಲ್ಲಿಗೆ ಮುಗೀತು."

ನನಗೆ ಹೂಂ ಎನ್ನಬೇಕೆನಿಸಿತು. ಸುಳ್ಳೇಕೆ ಹೇಳಲಿ, ಅನಿಸಿದ್ದು ನಿಜ. ಒಂದು ಚೀಟಿ. ಸಾಸಿವೆಯಷ್ಟು ಹಳದಿ. ಅದರಿಂದ ಅಂಗಡಿ ಉಳಿಯುತ್ತದೆ, ದೊಡ್ಡಮ್ಮ ಅಳುವುದು ತಪ್ಪುತ್ತದೆ. ನಾನು ದೊಡ್ಡಪ್ಪನ ಕಡೆ ನೋಡಿದೆ. ಅವರು ಕೈಯನ್ನು ಮಣೆಯ ಮೇಲೆ ಆಡಿಸುತ್ತಿದ್ದರು, ಅದರ ಅಂಚು ಎಲ್ಲಿದೆ ಎಂದು ಹುಡುಕುವ ಹಾಗೆ.

"ಪುಟ್ಟಿ," ಎಂದರು. "ಚೀಟಿ ತಗೋ. ಬರಿ. ದಕ್ಷಿಣದ್ದು. ಎಡಗೈ ಬೇರೆಯದು."

"ಯೋಚನೆ ಮಾಡಿ," ಎಂದರು ಭೂತಗನ್ನಡಿಯವರು.

"ಮಾಡಿದೆ. ಕೆಳಗೆ ಇನ್ನೊಂದು ಸಾಲು ಬರಿ ಪುಟ್ಟಿ. ನೋಡಿದವಳು ನನ್ನ ತಮ್ಮನ ಮಗಳು ಅಂತ."

ಎರಡು ವರ್ಷದಲ್ಲಿ ಬರೆದ ಚೀಟಿಗಳೆಲ್ಲ ನನ್ನ ಅಕ್ಷರವೇ. ಆದರೂ ಅವತ್ತು "ನೋಡಿದವಳು" ಎನ್ನುವುದು ಹಾವು ಹರಿದಂತೆ ಸೊಟ್ಟಗಾಯಿತು. ದಾರ ಕಟ್ಟಲು ಬೊಂಬೆಯನ್ನು ಹಿಡಿದೆ. ಭೂತಗನ್ನಡಿಯವರು ಕಿತ್ತುಕೊಂಡರು, ಪೆಟ್ಟಿಗೆಯಲ್ಲಿಟ್ಟರು, ಎರಡನೆಯದನ್ನೂ ಇಟ್ಟರು. ಚೀಟಿ ಮೇಜಿನ ಮೇಲೇ ಉಳಿಯಿತು. ಬಾಗಿಲ ಹತ್ತಿರ ನಿಂತು ಒಮ್ಮೆ ಹಿಂದೆ ನೋಡಿದರು. ಆಮೇಲೆ ಬೀದಿಗೆ ಇಳಿದರು.

ಅವರು ಹೋದ ಮೇಲೆ ದೊಡ್ಡಪ್ಪ ಮಣೆಗೆ ಬೆರಳು ತಾಗಿಸಿ ತಿರುಗಿಸಿದರು. ಅದು ಸದ್ದಿಲ್ಲದೆ ಸುತ್ತಿತು.

"ಎಣ್ಣೆ ಬಿಟ್ಟೆಯಾ?"

"ಹೂಂ, ದೊಡ್ಡಪ್ಪ."

"ಗರಗಸವೇ ವಾಸಿಯಿತ್ತು ಕಣೇ," ಎಂದರು. ನಗಲು ನೋಡಿದರು. ನನಗೆ ಅಳು ಬಂತು.

ಮಣೆ ಕಳಚಿ, ಗುಂಡುಗಳನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒರೆಸಿದೆ. ಮತ್ತೆ ಜೋಡಿಸಿ ತಿರುಗಿಸಿದರೂ ಕಿರುಗುಟ್ಟಲಿಲ್ಲ. ಒಳಗಿಳಿದ ಎಣ್ಣೆ ಅಷ್ಟು ಬೇಗ ಹೊರಗೆ ಬರುವುದಿಲ್ಲ.

ಬುಧವಾರ ಯಾರೂ ಬರಲಿಲ್ಲ. ಗುರುವಾರವೂ ಇಲ್ಲ. ಭೂತಗನ್ನಡಿಯವರು ಹೇಳಿದರೋ, ತಮ್ಮ ಬೊಂಬೆಯ ಮಾನಕ್ಕೆ ಹೆದರಿ ಸುಮ್ಮನಾದರೋ, ತಿಳಿಯುವ ದಾರಿಯಿರಲಿಲ್ಲ. ನಾನು ಕಿಟಕಿಯಲ್ಲಿ ಕೂತು ಬೀದಿಯಲ್ಲಿ ನಡೆಯುವ ಪ್ರತಿಯೊಬ್ಬರ ಕೈ ನೋಡುತ್ತಿದ್ದೆ, ಯಾರ ಕೈಯಲ್ಲಿ ಹಳೇ ಚೀಟಿಯಿದೆ ಎಂದು.

ಶುಕ್ರವಾರ ಹನ್ನೊಂದು ಗಂಟೆಗೆ ಬಾಗಿಲ ಗಂಟೆ ಅಲ್ಲಾಡಿತು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ರೋಬೋಟ್ ಬೊಂಬೆಯಿತ್ತು, ಅದರ ಕಾಲಿನಿಂದ ನಮ್ಮ ಚೀಟಿ ನೇತಾಡುತ್ತಿತ್ತು. ದೊಡ್ಡಪ್ಪ "ಬನ್ನಿ ಬನ್ನಿ" ಎನ್ನುತ್ತಾರೆಂದು ಕಾದೆ.

ಅವರು ಮೇಜಿನ ಮೇಲೆ ಎರಡೂ ಕೈ ಊರಿ, ಆ ಹೆಂಗಸಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು:

"ಯಾರು ಪುಟ್ಟಿ ಅದು? ನನಗೆ ಕಾಣ್ತಿಲ್ಲ."